ಪಾಡ್‌ಕಾಸ್ಟ್ | ಚಿಂತೆ ಮಾಡಿದ್ರೆ ಕ್ಯಾನ್ಸರ್ ಬರುತ್ತಾ? ‘ಪಾಸಿಟಿವ್ ಆಗಿರಿ’ ಅನ್ನೋ ಮೊದಲು ಇದನ್ನು ಕೇಳಿ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರುವಾಗುತ್ತೆ. ಆ ಪ್ರಶ್ನೆ ನನ್ನದಲ್ಲ, ನನ್ನ ಚಿಕ್ಕಮ್ಮನದು.

ಎರಡು ವರ್ಷದ ಹಿಂದಿನ ಮಾತು. ಅರಸೀಕೆರೆಯಲ್ಲಿರುವ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ, ಬೆಂಗಳೂರಲ್ಲಿ ಆಪರೇಷನ್ ಮುಗಿಸ್ಕೊಂಡು ಮನೆಗೆ ಬಂದಿದ್ದರು. ನಮ್ಮ ಕಡೆ ಗೊತ್ತಲ್ಲ, ಯಾರಾದ್ರೂ ಆಸ್ಪತ್ರೆಯಿಂದ ಬಂದ್ರು ಅಂದ್ರೆ ಸಾಕು, ಎಳನೀರು, ಮೂಸಂಬಿ, ಬ್ರೆಡ್ಡು ಹಿಡ್ಕೊಂಡು ಇಡೀ ಬೀದಿಯೇ ನೋಡೋಕೆ ಬರುತ್ತೆ. ಹಾಗೆ ಬಂದ ಪಕ್ಕದ ಮನೆಯವರೊಬ್ಬರು ಅಂದರು: ‘ಪಾಪ, ಎಲ್ಲಾನೂ ಮನಸ್ಸಲ್ಲೇ ಇಟ್ಕೊಂಡು ಕೊರಗೋ ಸ್ವಭಾವ ಇವಳದು. ಒಂದು ದಿನ ಬಾಯಿಬಿಟ್ಟು ಜಗಳ ಆಡಿದವಳಲ್ಲ. ಅದೇ ಒಳಗೆ ಗಂಟಾಗಿ ಕೂತ್ಕೊಂಡಿದೆ. ಚಿತೆಗೂ ಚಿಂತೆಗೂ ಒಂದೇ ಸೊನ್ನೆ ವ್ಯತ್ಯಾಸ ಅಂತ ಸುಮ್ನೆ ಹೇಳ್ತಾರಾ?’

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಚಿಕ್ಕಮ್ಮ ನಕ್ಕು ಸುಮ್ಮನಾದರು. ಎಲ್ಲರೂ ಹೋದ ಮೇಲೆ, ಮಂಚದ ಮೇಲೆ ದಿಂಬಿಗೆ ಒರಗಿಕೊಂಡು ನನ್ನನ್ನ ಕೇಳಿದರು: ‘ಹೌದೇನೇ ಪುಟ್ಟೀ, ನನ್ನ ಸ್ವಭಾವದಿಂದಾನೇ ಬಂತಾ ಇದು?’

ನಾನು ಏನಂದೆ ಗೊತ್ತಾ? ನಾವೆಲ್ಲರೂ ಏನಂತೀವೋ ಅದನ್ನೇ ಅಂದೆ. ‘ಅದೆಲ್ಲ ಯೋಚನೆ ಮಾಡಬೇಡಿ ಚಿಕ್ಕಮ್ಮ, ಪಾಸಿಟಿವ್ ಆಗಿರಿ.’

ಅಲ್ಲಿಂದ ಎಷ್ಟೋ ತಿಂಗಳು ಅವರು ನನ್ನ ಹತ್ತಿರ ಆ ವಿಷಯ ಎತ್ತಲೇ ಇಲ್ಲ. ನಾನು ಧೈರ್ಯ ಹೇಳಿದೆ ಅಂದುಕೊಂಡಿದ್ದೆ. ನಿಜವಾಗಿ ನಾನು ಮಾಡಿದ್ದು ಬಾಗಿಲು ಹಾಕಿದ್ದು. ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ, ಡಾಕ್ಟರುಗಳನ್ನ ಕೇಳಿದೆ. ಅದನ್ನೇ ಇವತ್ತು ನಿಮಗೆ ಹೇಳ್ತೀನಿ.

ಮೊದಲು, ಈ ‘ಕೊರಗುವ ಸ್ವಭಾವದವರಿಗೆ ಕ್ಯಾನ್ಸರ್ ಬರುತ್ತೆ’ ಅನ್ನೋದು ಬರೀ ನಮ್ಮ ಜಗಲಿಕಟ್ಟೆ ಮಾತಲ್ಲ. ಒಂದು ಕಾಲಕ್ಕೆ ಇದು ವಿಜ್ಞಾನದ ಹೆಸರಲ್ಲೇ ಓಡಾಡುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಲಿಡಿಯಾ ಟೆಮೊಶಾಕ್ ಎಂಬ ಮನಶ್ಶಾಸ್ತ್ರಜ್ಞೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದವರನ್ನು ಮಾತಾಡಿಸಿ, ‘ಟೈಪ್ ಸಿ’ ವ್ಯಕ್ತಿತ್ವ ಅನ್ನೋ ವಿಚಾರ ಮುಂದಿಟ್ಟರು. ಸಿಟ್ಟು ತೋರಿಸದ, ಎಲ್ಲರಿಗೂ ಹೊಂದಿಕೊಂಡು ಹೋಗುವ, ತನ್ನ ನೋವನ್ನು ನುಂಗಿಕೊಳ್ಳುವ ಮನುಷ್ಯ. ಸ್ವಲ್ಪ ಯೋಚನೆ ಮಾಡಿ, ನಮ್ಮ ಅಮ್ಮ, ಅತ್ತೆ, ಅಜ್ಜಿ ತಲೆಮಾರಿನ ಎಷ್ಟು ಹೆಂಗಸರು ಈ ವಿವರಣೆಗೆ ಹೊಂದಲ್ಲ ಹೇಳಿ? ಹೊಂದಿಕೊಂಡು ಹೋಗು ಅಂತ ಹುಟ್ಟಿದಾಗಿಂದ ಹೇಳಿಕೊಡೋದೂ ನಾವೇ, ಕಾಯಿಲೆ ಬಂದಾಗ ಹೊಂದಿಕೊಂಡು ಹೋಗಿದ್ದಕ್ಕೇ ಬಂತು ಅನ್ನೋದೂ ನಾವೇ.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಹ್ಯಾನ್ಸ್ ಐಸೆಂಕ್ ಅಂತ ಬಹಳ ದೊಡ್ಡ ಹೆಸರಿನ ಮನಶ್ಶಾಸ್ತ್ರಜ್ಞ ಇದ್ದರು. ಅವರು ಮತ್ತು ರೊನಾಲ್ಡ್ ಗ್ರೊಸಾರ್ತ್-ಮಾಟಿಚೆಕ್ ಸೇರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ಯಾನ್ಸರಿಗೆ ಸಿಗರೇಟಿಗಿಂತ ವ್ಯಕ್ತಿತ್ವವೇ ದೊಡ್ಡ ಕಾರಣ, ಆ ವ್ಯಕ್ತಿತ್ವವನ್ನ ಚಿಕಿತ್ಸೆಯಿಂದ ತಿದ್ದಿದರೆ ಕ್ಯಾನ್ಸರನ್ನೇ ತಡೆಯಬಹುದು ಅನ್ನೋ ಥರದ ಪ್ರಬಂಧಗಳು ಬಂದವು. ಫಲಿತಾಂಶ ಎಷ್ಟು ಚೆನ್ನಾಗಿತ್ತು ಅಂದ್ರೆ, ನಂಬೋಕೆ ಕಷ್ಟ ಆಗುವಷ್ಟು ಚೆನ್ನಾಗಿತ್ತು. ಐಸೆಂಕ್‌ಗೆ ತಂಬಾಕು ಕಂಪನಿಗಳ ಹಣ ಬರುತ್ತಿತ್ತು ಅನ್ನೋದೂ ಆಮೇಲೆ ಹೊರಬಿತ್ತು. ಕೊನೆಗೆ 2019ರಲ್ಲಿ, ಅವರು ಕೆಲಸ ಮಾಡಿದ್ದ ಕಿಂಗ್ಸ್ ಕಾಲೇಜ್ ಲಂಡನ್ ಸಂಸ್ಥೆಯೇ ತನಿಖೆ ನಡೆಸಿ, ಈ ಜೋಡಿಯ 26 ಪ್ರಬಂಧಗಳನ್ನ ನಂಬುವ ಹಾಗಿಲ್ಲ ಎಂದು ಹೇಳಿತು. ಹಲವು ಪ್ರಬಂಧಗಳನ್ನ ನಿಯತಕಾಲಿಕೆಗಳು ಹಿಂತೆಗೆದುಕೊಂಡವು. ಆದರೆ ಮಾತು ಅಷ್ಟು ಸುಲಭಕ್ಕೆ ಹಿಂದೆ ಹೋಗುತ್ತಾ? ಪ್ರಬಂಧ ವಾಪಸ್ ಹೋಯ್ತು, ವಾಟ್ಸ್ಆ್ಯಪ್ ಫಾರ್ವರ್ಡ್ ಇನ್ನೂ ಸುತ್ತುತ್ತಾನೇ ಇದೆ.

ಹಾಗಾದ್ರೆ ನಂಬುವಂಥ ಅಧ್ಯಯನ ಏನು ಹೇಳುತ್ತೆ? ಸ್ವೀಡನ್ ಮತ್ತು ಫಿನ್ಲೆಂಡ್‌ನಲ್ಲಿ ಸುಮಾರು 59,500 ಜನರ ಸ್ವಭಾವವನ್ನ ಪ್ರಶ್ನಾವಳಿ ಮೂಲಕ ಅಳೆದು, ಗರಿಷ್ಠ 30 ವರ್ಷದವರೆಗೆ ಅವರ ಆರೋಗ್ಯದ ದಾಖಲೆ ನೋಡಿದರು. ಇದು 2010ರಲ್ಲಿ ಪ್ರಕಟವಾಯ್ತು. ಇಲ್ಲಿ ಗಮನಿಸಬೇಕಾದ್ದು, ಸ್ವಭಾವ ಅಳೆದಿದ್ದು ಕಾಯಿಲೆ ಬರೋಕೆ ಮೊದಲು. ಸುಲಭವಾಗಿ ಆತಂಕ ಪಡುವವರಿಗೆ ಕ್ಯಾನ್ಸರ್ ಹೆಚ್ಚು ಬಂತಾ? ಇಲ್ಲ. ನಾಲ್ಕು ಜನರ ಜೊತೆ ಬೆರೆಯುವವರಿಗೆ ಕಡಿಮೆ ಬಂತಾ? ಅದೂ ಇಲ್ಲ. ಕ್ಯಾನ್ಸರ್ ಬಂದ ಮೇಲೆ ಯಾರು ಎಷ್ಟು ವರ್ಷ ಬದುಕಿದರು ಅನ್ನೋದಕ್ಕೂ ಸ್ವಭಾವಕ್ಕೂ ನಂಟು ಕಾಣಲಿಲ್ಲ. 2014ರಲ್ಲಿ ಬೇರೆ ಆರು ಅಧ್ಯಯನಗಳ 42,000ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗಲೂ ಇದೇ ಉತ್ತರ.

‘ಆದ್ರೆ ನಮ್ಮ ಚಿಕ್ಕಮ್ಮ ನಿಜವಾಗ್ಲೂ ಕೊರಗ್ತಿದ್ರಲ್ಲ?’ ಹೌದು, ಕೊರಗ್ತಿದ್ದರು. ಕೊರಗದೇ ಇರೋರು ಯಾರಿದ್ದಾರೆ? ಕಾಯಿಲೆ ಬಂದ ಮೇಲೆ ನಾವು ಹಿಂದಕ್ಕೆ ತಿರುಗಿ ಕಾರಣ ಹುಡುಕ್ತೀವಿ. ಹುಡುಕಿದರೆ ಯಾರ ಬದುಕಲ್ಲಾದರೂ ಒಂದು ಸಾವು, ಒಂದು ಸಾಲ, ಒಂದು ಮುರಿದ ಸಂಬಂಧ ಸಿಕ್ಕೇ ಸಿಗುತ್ತೆ. ಅಷ್ಟೇ ಕೊರಗಿ ಏನೂ ಆಗದೆ ಎಂಬತ್ತೈದು ದಾಟಿದ ಅಜ್ಜಿಯನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಜೀವಕೋಶದ ಡಿಎನ್‌ಎಯಲ್ಲಿ ಆಗುವ ಬದಲಾವಣೆಯಿಂದ ಕ್ಯಾನ್ಸರ್ ಶುರುವಾಗುತ್ತೆ. ವಯಸ್ಸು, ತಂಬಾಕು, ಮದ್ಯ, ಕೆಲವು ವೈರಸ್‌ಗಳು, ಅಪ್ಪ-ಅಮ್ಮನಿಂದ ಬಂದ ಕೆಲವು ಜೀನ್‌ಗಳು ಇದಕ್ಕೆ ಕಾರಣ ಆಗಬಹುದು. ಎಷ್ಟೋ ಸಲ ಇಂಥದ್ದೇ ಕಾರಣ ಅಂತ ಬೆರಳು ತೋರಿಸೋಕೆ ಆಗೋದೇ ಇಲ್ಲ. ಚಿಂತೆ ಜಾಸ್ತಿಯಾದಾಗ ಕೆಲವರು ಸಿಗರೇಟು, ಗುಟ್ಕಾ, ಕುಡಿತದ ಕಡೆ ಹೋಗ್ತಾರೆ, ಆ ದಾರಿಯಲ್ಲಿ ಅಪಾಯ ಇದೆ, ನಿಜ. ಆದರೆ ಜಗಳ ಆಡದೇ ಇದ್ದದ್ದಕ್ಕೆ ಎದೆಯಲ್ಲಿ ಗಂಟು ಕಟ್ಟಲ್ಲ.

ಇನ್ನು ಎರಡನೇ ಮಾತು: ‘ಫೈಟ್ ಮಾಡಬೇಕು, ವಿಲ್ ಪವರ್ ಇದ್ರೆ ಗೆಲ್ತಾರೆ.’ ಇದರ ಹಿಂದೆಯೂ ಒಂದು ಕತೆ ಇದೆ. 1979ರಲ್ಲಿ ಲಂಡನ್ನಿನ ಒಂದು ತಂಡ, ಸ್ತನ ಕ್ಯಾನ್ಸರ್ ಇದ್ದ 69 ಮಹಿಳೆಯರನ್ನ ಐದು ವರ್ಷ ಗಮನಿಸಿ, ಹೋರಾಟದ ಮನೋಭಾವ ಇದ್ದವರು ಹೆಚ್ಚು ಚೆನ್ನಾಗಿದ್ದಾರೆ ಎಂದು ವರದಿ ಮಾಡಿತು. ತಮಾಷೆ ಏನಂದ್ರೆ, ‘ನನಗೆ ಏನೂ ಆಗೇ ಇಲ್ಲ’ ಅಂತ ಕಾಯಿಲೆಯನ್ನೇ ಒಪ್ಪಿಕೊಳ್ಳದವರೂ ಅದೇ ಅಧ್ಯಯನದಲ್ಲಿ ಚೆನ್ನಾಗಿದ್ದರು. ಆ ಭಾಗ ಯಾರಿಗೂ ನೆನಪಿಲ್ಲ, ‘ಫೈಟ್’ ಮಾತ್ರ ಉಳೀತು. ಇಪ್ಪತ್ತು ವರ್ಷದ ನಂತರ, 1999ರಲ್ಲಿ, ಅದೇ ಪ್ರಶ್ನೆಯನ್ನ 578 ಮಹಿಳೆಯರಲ್ಲಿ ಮತ್ತೆ ಪರೀಕ್ಷಿಸಿದಾಗ ಹೋರಾಟದ ಮನೋಭಾವದಿಂದ ಆಯಸ್ಸು ಹೆಚ್ಚಾಗಿದ್ದು ಕಾಣಲಿಲ್ಲ. 2007ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಜನರ ಅಧ್ಯಯನ ಬಂತು. ಅವರಲ್ಲಿ 646 ಜನ ತೀರಿಕೊಂಡಿದ್ದರು. ಮನಸ್ಸು ಚೆನ್ನಾಗಿದ್ದವರು ಹೆಚ್ಚು ದಿನ ಬದುಕಿದರಾ ಅಂತ ನೋಡಿದರೆ, ಇಲ್ಲ.

ಪ್ರಾಮಾಣಿಕವಾಗಿ ಇನ್ನೊಂದು ಹೇಳಬೇಕು. ಆ 578 ಮಹಿಳೆಯರ ಅಧ್ಯಯನದಲ್ಲೇ, ‘ಎಲ್ಲಾ ಮುಗೀತು, ಇನ್ನೇನೂ ಮಾಡೋಕಾಗಲ್ಲ’ ಅನ್ನೋ ಹತಾಶೆ ತೀವ್ರವಾಗಿದ್ದವರಲ್ಲಿ ಕಾಯಿಲೆ ಮರುಕಳಿಸುವುದು ಸ್ವಲ್ಪ ಹೆಚ್ಚಿತ್ತು, ಖಿನ್ನತೆ ತೀವ್ರವಾಗಿದ್ದ ಕೆಲವರಲ್ಲಿ ಸಾವೂ ಹೆಚ್ಚಿತ್ತು. ಇದಕ್ಕೆ ಕಾರಣ ಹತ್ತಾರು ಇರಬಹುದು. ಕಾಯಿಲೆ ಜೋರಾದಾಗ ಖಿನ್ನತೆ ಬರುವುದೂ ಉಂಟು, ಖಿನ್ನತೆ ಇದ್ದವರು ಊಟ, ಮಾತ್ರೆ, ಫಾಲೋಅಪ್ ಬಿಡುವುದೂ ಉಂಟು. ಆದರೆ ಖಿನ್ನತೆ ಅನ್ನೋದು ಸ್ವಭಾವದ ದೋಷ ಅಲ್ಲ. ಅದು ಇನ್ನೊಂದು ಕಾಯಿಲೆ, ಅದಕ್ಕೆ ಔಷಧಿ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಇಲ್ಲಿ ನಮ್ಮ ಮಾಧ್ಯಮದವರ ಬಗ್ಗೇನೂ ಒಂದು ಮಾತು. 2024ರ ಜುಲೈನಲ್ಲಿ ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ನಮ್ಮ ಮೆಟ್ರೊದಲ್ಲಿ ‘ಮುಂದಿನ ನಿಲ್ದಾಣ’ ಅನ್ನುತ್ತಿದ್ದ ದನಿ. ಅವರಿಗೆ ಕಾಯಿಲೆ ಇತ್ತು ಅನ್ನೋದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಇಂಥ ಸುದ್ದಿ ಬಂದಾಗೆಲ್ಲ ನಮ್ಮ ಕೈ ತಾನಾಗಿ ‘ಕ್ಯಾನ್ಸರ್ ವಿರುದ್ಧದ ಹೋರಾಟದಲ್ಲಿ ಸೋತರು’ ಅಂತ ಟೈಪ್ ಮಾಡುತ್ತೆ. ನಾನೂ ಬರೆದಿದ್ದೀನಿ. ಈಗ ಬರೆಯಲ್ಲ. ಸೋತರು ಅಂದ್ರೆ, ಇನ್ನೂ ಗಟ್ಟಿಯಾಗಿ ಹೋರಾಡಿದ್ರೆ ಗೆಲ್ಲಬಹುದಿತ್ತು ಅಂತ ಅರ್ಥ ಬರುತ್ತೆ. ಕೀಮೊ ಕೆಲಸ ಮಾಡದೇ ಇದ್ದದ್ದು ರೋಗಿಯ ತಪ್ಪಾ?

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯನ್ನೇ ಒಂದು ವೈದ್ಯಕೀಯ ವಿಭಾಗವಾಗಿ ಬೆಳೆಸಿದ ಡಾ. ಜಿಮ್ಮಿ ಹಾಲೆಂಡ್ ಇದಕ್ಕೊಂದು ಹೆಸರು ಕೊಟ್ಟಿದ್ದರು: ಪಾಸಿಟಿವ್ ಚಿಂತನೆಯ ದಬ್ಬಾಳಿಕೆ. ಆ ಮಾತು ಓದಿದಾಗ ನನಗೆ ಚಿಕ್ಕಮ್ಮನ ಬಚ್ಚಲುಮನೆ ನೆನಪಾಯ್ತು. ಮೂರನೇ ಕೀಮೊ ಆದ ಮೇಲೆ ಒಂದು ದಿನ ಅವರು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳುತ್ತಿದ್ದದ್ದು ನನಗೆ ಕೇಳಿಸ್ತು. ಹೊರಗೆ ಬಂದವರು ಮುಖ ಒರೆಸಿಕೊಂಡು, ‘ಏನಿಲ್ಲ ಕಣೇ, ಕಣ್ಣಿಗೆ ಸೋಪು ಹೋಯ್ತು’ ಅಂದರು. ಆಮೇಲೆ ತಾವೇ, ‘ನೀವೆಲ್ಲ ಇಷ್ಟು ಧೈರ್ಯ ಹೇಳ್ತೀರಿ. ಅತ್ರೆ ಕಾಯಿಲೆ ಜಾಸ್ತಿ ಆಗುತ್ತೇನೋ ಅಂತ ಅದಕ್ಕೂ ಹೆದರಿಕೆ’ ಅಂದರು. ಕ್ಯಾನ್ಸರಿನ ಭಯ ಒಂದು, ಭಯಪಟ್ಟರೆ ಏನಾಗುತ್ತೋ ಅನ್ನೋ ಭಯ ಇನ್ನೊಂದು. ಈ ಎರಡನೆಯದನ್ನ ಕೊಟ್ಟಿದ್ದು ನಾವು.

ಹಾಗಾದ್ರೆ ಸ್ವಭಾವಕ್ಕೂ ಕ್ಯಾನ್ಸರಿಗೂ ಸಂಬಂಧವೇ ಇಲ್ವಾ? ಇದೆ, ಆದರೆ ಬೇರೆ ಕಡೆ ಇದೆ. ಎಷ್ಟು ದಿನ ಬದುಕ್ತಾರೆ ಅನ್ನೋದರಲ್ಲಿ ಅಲ್ಲ, ಆ ದಿನಗಳು ಹೇಗಿರ್ತವೆ ಅನ್ನೋದರಲ್ಲಿ. ಮೊದಲಿನಿಂದಲೂ ಬೇಗ ಆತಂಕ ಪಡುವವರಿಗೆ, ಕಾಯಿಲೆ ಬಂದಾಗ ಆತಂಕ, ನಿದ್ದೆಗೇಡು, ‘ಮತ್ತೆ ಬಂದರೆ?’ ಅನ್ನೋ ಭಯ ಹೆಚ್ಚು. ಆಶಾವಾದಿಗಳಿಗೆ ಸಂಕಟ ಸ್ವಲ್ಪ ಕಡಿಮೆ. ಚಾರ್ಲ್ಸ್ ಕಾರ್ವರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 1993ರಲ್ಲಿ, ಸ್ತನ ಕ್ಯಾನ್ಸರಿನ ಆಪರೇಷನ್ ಆದ 59 ಮಹಿಳೆಯರನ್ನ ಒಂದು ವರ್ಷ ಗಮನಿಸಿ ಇದನ್ನ ತೋರಿಸಿದರು. ನನಗೆ ಅದರಲ್ಲಿ ಹಿಡಿಸಿದ್ದು, ಆಶಾವಾದಿಗಳು ಏನು ಮಾಡ್ತಿದ್ದರು ಅನ್ನೋ ಭಾಗ. ಅವರು ‘ಏನೂ ಆಗಿಲ್ಲ’ ಅಂತಿರಲಿಲ್ಲ. ‘ಆಗಿದೆ, ಈಗ ಏನು ಮಾಡೋಣ’ ಅಂತಿದ್ದರು. ಒಪ್ಪಿಕೊಳ್ಳೋದು, ನಗೋದು ಸಂಕಟವನ್ನ ಕಮ್ಮಿ ಮಾಡ್ತಿತ್ತು. ಇಲ್ಲ ಅನ್ನೋದು, ಕೈಚೆಲ್ಲೋದು ಹೆಚ್ಚು ಮಾಡ್ತಿತ್ತು. ನಾವು ಬಲವಂತವಾಗಿ ಹೇರುವ ‘ಪಾಸಿಟಿವ್’ ಇದೆಯಲ್ಲ, ಅದು ಎಷ್ಟೋ ಸಲ ಆ ‘ಇಲ್ಲ’ ಅನ್ನೋ ಗುಂಪಿಗೇ ಸೇರುತ್ತೆ.

ಸ್ವಭಾವದ ವ್ಯತ್ಯಾಸ ತುಂಬಾ ಚೆನ್ನಾಗಿ ಕಾಣೋದು ಮಾಹಿತಿ ವಿಷಯದಲ್ಲಿ. ಸುಸಾನ್ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞೆ 1980ರ ದಶಕದಲ್ಲಿ ಜನರನ್ನ ‘ಮಾನಿಟರ್’ ಮತ್ತು ‘ಬ್ಲಂಟರ್’ ಅಂತ ನೋಡಿದರು. ಮಾನಿಟರ್ ಅಂದ್ರೆ ಅಪಾಯದ ಬಗ್ಗೆ ಪ್ರತಿಯೊಂದೂ ತಿಳ್ಕೋಬೇಕು ಅನ್ನುವವರು. ಬ್ಲಂಟರ್ ಅಂದ್ರೆ ಅಪಾಯದಿಂದ ಮನಸ್ಸನ್ನ ಆ ಕಡೆ ತಿರುಗಿಸಿಕೊಂಡು ನೆಮ್ಮದಿ ಹುಡುಕುವವರು. ನಮ್ಮ ಚಿಕ್ಕಪ್ಪ ಪಕ್ಕಾ ಮಾನಿಟರ್. ಬಯಾಪ್ಸಿ ರಿಪೋರ್ಟಿನ ಒಂದೊಂದು ಪದವನ್ನೂ ರಾತ್ರಿ ಎರಡರವರೆಗೆ ಗೂಗಲ್ ಮಾಡೋರು, ಬೆಳಿಗ್ಗೆ ಕಾಫಿ ಹೀರುತ್ತಾ ಅದನ್ನೆಲ್ಲ ಚಿಕ್ಕಮ್ಮನಿಗೆ ವರದಿ ಒಪ್ಪಿಸೋರು. ಚಿಕ್ಕಮ್ಮನಿಗೆ ಬೇಕಾಗಿದ್ದು ಇಷ್ಟೇ: ಮುಂದಿನ ಕೀಮೊ ಯಾವತ್ತು, ಅವತ್ತು ತಿಂಡಿ ತಿನ್ನಬಹುದಾ. ಇಬ್ಬರದೂ ತಪ್ಪಲ್ಲ. ಮಾಹಿತಿ ಒಬ್ಬರಿಗೆ ಸಮಾಧಾನ, ಇನ್ನೊಬ್ಬರಿಗೆ ಹಿಂಸೆ. ಮಿಲ್ಲರ್ ಅವರ ಕೆಲಸದ ತಿರುಳೂ ಅದೇ, ಸ್ವಭಾವಕ್ಕೆ ತಕ್ಕಷ್ಟು ಮಾಹಿತಿ ಸಿಕ್ಕರೆ ಮನಸ್ಸಿಗೆ ಹಗುರ.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ‘ಡಾಕ್ಟ್ರೇ, ಅವರಿಗೆ ಮಾತ್ರ ಹೇಳಬೇಡಿ, ತಡ್ಕೊಳ್ಳಲ್ಲ.’ ಈ ಮಾತು ಕೇಳದ ಕ್ಯಾನ್ಸರ್ ಡಾಕ್ಟರ್ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ನಿಮ್ಮ ಮನೆಯವರು ಬ್ಲಂಟರ್ ಅಂತ ತೀರ್ಮಾನ ಮಾಡೋಕೆ ನೀವು ಯಾರು? ಒಂದು ಸಲ ನೇರವಾಗಿ ಕೇಳಬಹುದಲ್ಲ: ‘ನಿಮಗೆ ಎಷ್ಟು ತಿಳ್ಕೋಬೇಕು ಅನ್ನಿಸುತ್ತೆ? ಡಾಕ್ಟರ್ ಹತ್ರ ನೀವೇ ಮಾತಾಡ್ತೀರಾ, ನಾನು ಮಾತಾಡ್ಲಾ?’ ನಾನು ಕೇಳಿದಾಗ ಚಿಕ್ಕಮ್ಮ ಅಂದದ್ದು, ‘ಕೆಟ್ಟ ಸುದ್ದಿ ಇದ್ರೆ ಹೇಳು. ಲೆಕ್ಕ ಮಾತ್ರ ಹೇಳ್ಬೇಡ.’ ಶೇಕಡಾವಾರು ಬೇಡ ಅಂತ. ಅವತ್ತಿಂದ ಚಿಕ್ಕಪ್ಪನ ಬೆಳಗಿನ ಗೂಗಲ್ ಬುಲೆಟಿನ್ ನನ್ನ ವಾಟ್ಸ್ಆ್ಯಪ್‌ಗೆ ಬರೋಕೆ ಶುರುವಾಯ್ತು.

ಇನ್ನೊಂದು ವಿಷಯ, ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಎರಡನೇ ಕೀಮೊ ಆದ ರಾತ್ರಿ, ಎರಡು ಗಂಟೆಗೆ, ಚಿಕ್ಕಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ತೊಳೀತಾ ಕೂತಿದ್ದರು. ಯಾಕೆ ಅಂದ್ರೆ ಸಿಡುಕಿದರು. ಯಾವತ್ತೂ ದನಿ ಎತ್ತದವರು ಚಿಕ್ಕಪ್ಪನ ಮೇಲೆ ಕೂಗಾಡಿದರು. ‘ಕಾಯಿಲೆ ಇವಳ ಸ್ವಭಾವನೇ ಬದಲಾಯಿಸ್ಬಿಟ್ಟಿದೆ’ ಅಂತ ಚಿಕ್ಕಪ್ಪ ಕುಸಿದು ಕೂತರು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡೇ ಕೇರ್ ವಾರ್ಡಿನ ನರ್ಸ್‌ಗೆ ಹೇಳಿದರೆ, ಅವರು ಮೊದಲು ಕೇಳಿದ್ದೇ, ‘ಸ್ಟೀರಾಯ್ಡ್ ಮಾತ್ರೆ ಎಷ್ಟೊತ್ತಿಗೆ ಕೊಡ್ತೀರಿ?’ ವಾಂತಿ, ಅಲರ್ಜಿ ಆಗದಿರಲಿ ಅಂತ ಕೀಮೊ ಜೊತೆ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಕೊಡ್ತಾರೆ. ಅದು ನಿದ್ದೆ ಕೆಡಿಸುತ್ತೆ, ಸಿಡುಕು ತರುತ್ತೆ, ಕೆಲವರಿಗೆ ವಿಪರೀತ ಹುಮ್ಮಸ್ಸು, ಕೆಲವರಿಗೆ ಅಳು. ನಾವು ರಾತ್ರಿ ಊಟ ಆದ ಮೇಲೆ ಕೊಡ್ತಿದ್ದೆವು. ಡಾಕ್ಟರನ್ನ ಕೇಳಿ ಬೆಳಗಿನ ಹೊತ್ತಿಗೆ ಬದಲಾಯಿಸಿದ ಮೇಲೆ ಡಬ್ಬಗಳು ಶೆಲ್ಫಿನಲ್ಲೇ ಉಳಿದವು.

ಅಂದ್ರೆ, ಸ್ವಭಾವ ಬದಲಾಗಿದೆ ಅನ್ನಿಸಿದಾಗ ಮೊದಲು ದೇಹದ ಕಡೆ ನೋಡಬೇಕು. ಔಷಧಿ ಇರಬಹುದು, ತಡೆಯಲಾಗದ ನೋವಿರಬಹುದು, ಥೈರಾಯ್ಡ್ ಇರಬಹುದು, ರಕ್ತದಲ್ಲಿ ಸೋಡಿಯಂ ಕಮ್ಮಿಯಾಗಿರಬಹುದು, ಸೋಂಕಿರಬಹುದು. ಮೆದುಳಿಗೆ ಸಂಬಂಧಪಟ್ಟ ತೊಂದರೆಯೂ ಇರಬಹುದು. ಇದ್ದಕ್ಕಿದ್ದಂತೆ ಗೊಂದಲ, ಜಾಗ-ಸಮಯ ಗೊತ್ತಾಗದೇ ಇರೋದು, ಇಲ್ಲದ್ದು ಕಾಣಿಸೋದು ಶುರುವಾದರೆ ಅದು ‘ಬೇಜಾರು’ ಅಲ್ಲ. ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಈಗ ಖಿನ್ನತೆಗೆ ಬರೋಣ. 14 ದೇಶಗಳ 10,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಸೇರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಪ್ರಕಾರ, ಕ್ಯಾನ್ಸರ್ ಚಿಕಿತ್ಸೆ ಪಡೆಯುವವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಖಿನ್ನತೆ. ಇದನ್ನ ಕಂಡುಹಿಡಿಯೋದು ಕಷ್ಟ, ಯಾಕಂದ್ರೆ ಸುಸ್ತು, ಹಸಿವಿಲ್ಲದಿರೋದು, ತೂಕ ಇಳಿಯೋದು, ಇವನ್ನೆಲ್ಲ ಕ್ಯಾನ್ಸರ್ ಕೂಡ ಮಾಡುತ್ತೆ. ಅದಕ್ಕೇ ಬೇರೆ ಗುರುತು ನೋಡಬೇಕು. ಮೊದಲು ಇಷ್ಟಪಡ್ತಿದ್ದ ಯಾವುದರಲ್ಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ಆಸಕ್ತಿ ಇಲ್ಲದಿರೋದು, ‘ನಾನು ಎಲ್ಲರಿಗೂ ಭಾರ’ ಅನ್ನೋದು, ಬದುಕೇ ಬೇಡ ಅನ್ನೋದು. ‘ಕ್ಯಾನ್ಸರ್ ಬಂದಿದೆ, ಬೇಜಾರಾಗದೇ ಇರುತ್ತಾ’ ಅಂತ ನಾವೇ ಅದನ್ನ ಸಹಜ ಮಾಡಿಬಿಡ್ತೀವಿ, ಚಿಕಿತ್ಸೆ ತಪ್ಪಿಹೋಗುತ್ತೆ. ಸ್ಕಾಟ್ಲೆಂಡ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ಕ್ಯಾನ್ಸರ್ ಜೊತೆ ತೀವ್ರ ಖಿನ್ನತೆ ಇದ್ದ 500 ಜನ. ಅರ್ಧದಷ್ಟು ಜನಕ್ಕೆ ತರಬೇತಾದ ನರ್ಸ್‌ಗಳು ಮತ್ತು ಮನೋವೈದ್ಯರು ಸೇರಿ, ಮಾತು-ಔಷಧಿ ಎರಡೂ ಇರುವ ಚಿಕಿತ್ಸೆ ಕೊಟ್ಟರು, ಉಳಿದವರಿಗೆ ಎಂದಿನ ಆರೈಕೆ. 24 ವಾರದ ಹೊತ್ತಿಗೆ ಮೊದಲ ಗುಂಪಿನಲ್ಲಿ 62% ಜನರ ಖಿನ್ನತೆ ಅರ್ಧಕ್ಕಿಂತ ಕೆಳಗಿಳಿದಿತ್ತು, ಎರಡನೆಯದರಲ್ಲಿ 17% ಜನರದು ಮಾತ್ರ.

ಪ್ರಾಕ್ಟಿಕಲ್ ಆಗಿ ಏನು ಮಾಡಬಹುದು? ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ‘ಡಿಸ್ಟ್ರೆಸ್ ಥರ್ಮಾಮೀಟರ್’ ಅಂತ ಒಂದು ಹಾಳೆ ಬಳಸ್ತಾರೆ. ಜ್ವರದ ಥರ್ಮಾಮೀಟರಿನ ಚಿತ್ರ, 0ಯಿಂದ 10ರವರೆಗೆ ಅಂಕೆ. ಕಳೆದ ಒಂದು ವಾರದಲ್ಲಿ ಸಂಕಟ ಎಷ್ಟಿತ್ತು ಅಂತ ಗುರುತು ಹಾಕೋದು. 4 ಅಥವಾ ಹೆಚ್ಚು ಬಂದರೆ ತಜ್ಞರ ಜೊತೆ ಮಾತಾಡಬೇಕು ಅಂತ ಲೆಕ್ಕ. ಮನೆಯಲ್ಲಿ ನೀವೂ ಕೇಳಬಹುದು, ‘ಇವತ್ತು ಎಷ್ಟು?’ ಅಂತ. ‘ಹೇಗಿದ್ದೀರಿ’ ಅಂದ್ರೆ ‘ಚೆನ್ನಾಗಿದ್ದೀನಿ’ ಅನ್ನುವ ಚಿಕ್ಕಮ್ಮ, ‘ಎಷ್ಟು’ ಅಂದಾಗ ಒಂದು ದಿನ ‘ಏಳು’ ಅಂದರು. ಅವತ್ತೇ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡೆವು. ದೊಡ್ಡ ಆಸ್ಪತ್ರೆ ದೂರ ಇದ್ದರೆ ಟೆಲಿ-ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು-ರಾತ್ರಿ ಸಿಗುತ್ತೆ. ರೋಗಿ ಮಾತ್ರ ಅಲ್ಲ, ನೋಡಿಕೊಳ್ಳುವವರೂ ಮಾಡಬಹುದು. ಚಿಕಿತ್ಸೆ ಫಲಿಸದ ಹಂತದಲ್ಲಿರುವವರಿಗೆ ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್‌ಗಳು ನೋವಿನ ಆರೈಕೆಯನ್ನ ಉಚಿತವಾಗಿ ಕೊಡುತ್ತವೆ.

ಔಷಧಿ ಬಗ್ಗೆ ಒಂದು ಎಚ್ಚರಿಕೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ತಿದ್ದರೆ, ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್‌ನಂಥ ಕೆಲವು ಖಿನ್ನತೆ ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡ ಬರಬಹುದು. ಹೊಂದುವ ಬೇರೆ ಮಾತ್ರೆಗಳಿವೆ. ಆದ್ದರಿಂದ ಮನೋವೈದ್ಯರ ಹತ್ತಿರ ಹೋಗುವಾಗ ಕ್ಯಾನ್ಸರ್ ಫೈಲ್ ತಗೊಂಡು ಹೋಗಿ. ತಗೊಳ್ತಿರೋ ಮಾತ್ರೆಯನ್ನ ನೀವೇ ನಿಲ್ಲಿಸಬೇಡಿ.

ಚಿಕ್ಕಮ್ಮನ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದು ಒಂಬತ್ತು ತಿಂಗಳು ತಡವಾಗಿ. ಚೆಕಪ್ ಮುಗಿಸ್ಕೊಂಡು ರೈಲಲ್ಲಿ ವಾಪಸ್ ಬರ್ತಿದ್ದೆವು, ತುಮಕೂರು ದಾಟಿತ್ತು. ‘ಅವತ್ತು ಕೇಳಿದ್ರಲ್ಲ, ನಿಮ್ಮ ಸ್ವಭಾವದಿಂದ ಬಂತಾ ಅಂತ. ಇಲ್ಲ ಚಿಕ್ಕಮ್ಮ. ಸಾವಿರಾರು ಜನರನ್ನ ಮೂವತ್ತು ವರ್ಷ ನೋಡಿದ್ದಾರೆ. ಹಾಗೆ ಬರಲ್ಲ’ ಅಂದೆ. ಅವರು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡ್ತಾ ಕೂತರು. ಆಮೇಲೆ, ‘ಅವರಿಗೂ ಹೇಳ್ಬೇಕು ಕಣೇ, ಪಕ್ಕದ ಮನೆಯವರಿಗೆ. ಅವರ ಅಕ್ಕ ಹೋಗಿದ್ದೂ ಇದರಲ್ಲೇ. ಅಕ್ಕ ಕೊರಗೋ ಹಾಗೆ ಮಾಡಿದ್ದು ನಾನೇ ಅಂತ ಇವತ್ತಿಗೂ ಅಳ್ತಾರೆ’ ಅಂದರು.

ಈ ಸಂಚಿಕೆ ಮಾಡ್ಲಾ ಅಂತ ಮೊನ್ನೆ ಫೋನಲ್ಲಿ ಕೇಳಿದೆ. ‘ಮಾಡು. ಹೆಸರು ಹಾಕ್ಬೇಡ. ಮತ್ತೆ, ನಾನು ಬಹಳ ಧೈರ್ಯವಂತೆ ಅಂತೆಲ್ಲ ಹೇಳ್ಬೇಡ’ ಅಂದರು. ಮುಂದಿನ ತಿಂಗಳು ಅವರ ಮ್ಯಾಮೊಗ್ರಾಂ ಇದೆ. ಈ ವಾರ ಎಷ್ಟು ಅಂತ ಕೇಳಿದ್ದಕ್ಕೆ, ‘ಐದು. ರಿಪೋರ್ಟ್ ಬರೋವರೆಗೂ ಐದೇ’ ಅಂದರು.